ತಿಂದಾಯ್ತಾ ಅಂತ ಕೇಳಿದವನು

"ಬೆರಳು ಕೊಡಿ."

"ಕೊಡಲ್ಲ!"

ಔಷಧಿ ಅಂಗಡಿಯಲ್ಲಿ ಸಾಲು ನಿಂತಿದ್ದ ಐದಾರು ಜನ ಒಟ್ಟಿಗೇ ಕತ್ತು ತಿರುಗಿಸಿದರು. ಚ್ವಾಂಗ್ ಮೆಂಗ್-ರುವಿನ ಕಿವಿ ಕೆಂಪಗಾಯಿತು. ಸಾಲಿನಲ್ಲಿದ್ದವರೆಲ್ಲ ಅದೇ ಬೀದಿಯವರು, ಅವಳ ಅಂಗಡಿಯ ಚಹಾ ಕುಡಿದು ಬೆಳೆದವರು. ಅವರಿಗೆ ಗೊತ್ತಾಗದಿರಲಿ ಅಂತಲೇ ಅವಳು ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಕೊಂಡು ಬಂದಿದ್ದಳು.

ಕೌಂಟರಿನ ಹಿಂದೆ ನಿಂತಿದ್ದ ಬಿಳಿ ಕೋಟಿನವನಿಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು!

"ಸಕ್ಕರೆ ಕಾಯಿಲೆಗೆ ಇವತ್ತಿಂದ ಗುಳಿಗೆ ಶುರು ಆಗ್ತಿದೆ ನಿಮಗೆ. ಮೂರು ತಿಂಗಳ ಸಕ್ಕರೆ ಒಂಬತ್ತು ಪಾಯಿಂಟ್ ಎರಡು ಇದೆ! ಈಗ ಎಷ್ಟಿದೆ ಅಂತ ನೋಡ್ಬೇಕು. ಬೆರಳು ಕೊಡಿ!" ಅವನ ದನಿ ಬೀದಿಯ ಆ ತುದಿಗೂ ಕೇಳಿಸುವಂತಿತ್ತು.

"ಅಯ್ಯಯ್ಯೋ! ಬೂದುಗುಂಬಳದ ಚಹಾದ ಮೆಂಗ್-ರುಗೆ ಸಕ್ಕರೆ ಕಾಯಿಲೆನಾ?" ಹಿಂದಿನಿಂದ ಹಣ್ಣಿನಂಗಡಿಯ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಮುಗಿಯಿತು! ಇನ್ನು ಸಂಜೆಯೊಳಗೆ ತೈನಾನಿನ ಅರ್ಧ ಊರಿಗೆ ಸುದ್ದಿ.

ಮೆಂಗ್-ರು ಗುಳಿಗೆಯ ಪೊಟ್ಟಣವನ್ನು ಅವನ ಕೈಯಿಂದ ಕಿತ್ತುಕೊಂಡಳು. "ನಿಮ್ಮ ಗಂಟಲಿಗೆ ಏನಾದ್ರೂ ಗುಳಿಗೆ ಇದೆಯಾ ನಿಮ್ಮ ಹತ್ರ? ಇದ್ರೆ ಮೊದಲು ಅದನ್ನ ನುಂಗಿ!" ಅಂದವಳೇ ಸ್ಕೂಟರ್ ಹತ್ತಿ ಹೊರಟುಹೋದಳು. ಕಣ್ಣಲ್ಲಿ ನೀರು ತುಂಬಿ ಸಿಗ್ನಲ್ಲಿನ ದೀಪ ಕೆಂಪೋ ಹಸಿರೋ ಕಾಣಲಿಲ್ಲ.

ಮೆಂಗ್-ರುವಿಗೆ ಮೂವತ್ತಾರು. ಅಜ್ಜನ ಕಾಲದಿಂದ ಅವರದು ಬೂದುಗುಂಬಳದ ಚಹಾದ ಅಂಗಡಿ. ಹೆಸರಿಗಷ್ಟೇ ಚಹಾ, ಅದರಲ್ಲಿ ಚಹಾದ ಎಲೆಯ ಸುಳಿವೂ ಇಲ್ಲ. ಬೂದುಗುಂಬಳದ ತಿರುಳನ್ನು ಸಕ್ಕರೆಯ ಜೊತೆ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ, ಪಾಕ ಹದಕ್ಕೆ ಬಂದಾಗ ಇಳಿಸಿ ಅಚ್ಚು ಹಾಕುತ್ತಾರೆ. ಆ ಅಚ್ಚನ್ನು ನೀರಲ್ಲಿ ಕರಗಿಸಿ ತಣ್ಣಗೆ ಕುಡಿಯುವುದು. ಹದ ನೋಡುವುದಕ್ಕೆ ಯಂತ್ರವಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸೌಟಿನ ತುದಿಯಿಂದ ಒಂದು ತೊಟ್ಟು ನಾಲಿಗೆಗೆ ಇಟ್ಟು ಹೇಳಬೇಕು. ಮನೆಯಲ್ಲಿ ಈಗ ಆ ನಾಲಿಗೆ ಇದ್ದದ್ದು ಮೆಂಗ್-ರುವಿಗೆ ಮಾತ್ರ.

ಆದರೆ ಅವಳು ಹೆದರಿದ್ದು ಅಂಗಡಿಗಾಗಿ ಅಲ್ಲ. ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಒಂದು ಕುರ್ಚಿ.

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿಯ ಪಕ್ಕದ ಹಸಿರು ಕುರ್ಚಿ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಹನ್ನೊಂದು ವರ್ಷ ಅವಳ ಅಮ್ಮ ಅದರಲ್ಲಿ ಒರಗಿ ರಕ್ತ ತೊಳೆಸಿಕೊಂಡಿದ್ದಳು. ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದಿತ್ತು. ಪಕ್ಕದ ಸ್ಟೂಲಿನ ಮೇಲೆ ಮೆಂಗ್-ರು. ಇಪ್ಪತ್ತಮೂರರಿಂದ ಮೂವತ್ತನಾಲ್ಕರವರೆಗೆ ಅವಳ ಹರೆಯ ಹೋದದ್ದು ಆ ಸ್ಟೂಲಿನ ಮೇಲೆ. ಮದುವೆಯಾಗಬೇಕಿದ್ದವನು ಎರಡು ವರ್ಷ ಕಾದ, ಆಮೇಲೆ ಕಾಯಲಿಲ್ಲ. ಅಮ್ಮ ಹೋಗಿ ಎರಡು ವರ್ಷ ಆಗಿದೆ.

'ನಾನು ಆ ಕುರ್ಚಿಯಲ್ಲಿ ಕೂರಲ್ಲ. ನನ್ನ ಪಕ್ಕದ ಸ್ಟೂಲಿನ ಮೇಲೆ ಯಾರನ್ನೂ ಕೂರಿಸಲ್ಲ. ಏನೇ ಆಗಲಿ!' ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಅವಳು ಹಲ್ಲು ಕಚ್ಚಿ ನಿರ್ಧಾರ ಮಾಡಿದ್ದಳು.

ಮರುದಿನ ಮಧ್ಯಾಹ್ನ ಅದೇ ಬಿಳಿ ಕೋಟಿನವನು ಕೋಟಿಲ್ಲದೆ ಅಂಗಡಿಯ ಮುಂದೆ ಬಂದು ನಿಂತ. ಗಲ್ಲಾದಲ್ಲಿ ಮೆಂಗ್-ರುವಿನ ಸೋದರತ್ತೆ ಆ-ಶ್ಯಾ ಕೂತಿದ್ದಳು. ಅರವತ್ತಾರರ ಹೆಂಗಸು, ಬಾಯಿ ಮಾತ್ರ ಇಪ್ಪತ್ತರದು.

"ಒಂದು ಲೋಟ ಕೊಡಿ... ಸಿಹಿ ಇಲ್ಲದ್ದು" ಅಂದ ಅವನು.

"ಸಿಹಿ ಇಲ್ಲದ್ದಾ? ಅಲ್ಲಿ ನಲ್ಲಿ ಇದೆ ನೋಡಪ್ಪಾ, ತಿರುಗಿಸಿಕೊಂಡು ಕುಡಿ!"

ಒಳಗಿದ್ದ ಮೆಂಗ್-ರುವಿಗೆ ಬೇಡವೆಂದರೂ ನಗು ಬಂತು. ಸೌಟು ಹಿಡಿದೇ ಹೊರಗೆ ಬಂದಳು. ಅವನನ್ನು ನೋಡಿದ್ದೇ ನಗು ಮಾಯ.

"ನಿನ್ನೆ ತಪ್ಪು ಮಾಡ್ದೆ" ಅಂದ ಅವನು. ಇವತ್ತು ದನಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ ಹಾಗೆ ಮಾತಾಡುತ್ತಿದ್ದ. "ನಮ್ಮಪ್ಪನಿಗೆ ಕಿವಿ ಕೇಳಲ್ಲ. ಚಿಕ್ಕಂದಿನಿಂದ ಕೂಗಿ ಕೂಗಿ ಇದೇ ನನ್ನ ಮಾಮೂಲಿ ದನಿ ಆಗ್ಬಿಟ್ಟಿದೆ. ಅದು ನೆಪ ಅಲ್ಲ... ಹೇಳ್ದೆ ಅಷ್ಟೆ. ನಾನು ಯೆನ್ ಚಿ-ಯುವಾನ್. ಅಪ್ಪನ ಅಂಗಡಿಗೆ ಬಂದು ತಿಂಗಳಾಯ್ತು."

"ಆಯ್ತು, ಹೇಳಿದ್ರಲ್ಲ."

"ಇನ್ನೊಂದು. ವಾರಕ್ಕೊಮ್ಮೆ ಸಕ್ಕರೆ ನೋಡ್ಕೊಬೇಕು ನೀವು. ಅಂಗಡಿಗೆ ಜನ ಬರೋದು ಒಂಬತ್ತೂವರೆ ಮೇಲೆ. ಒಂಬತ್ತಕ್ಕೆ ಪಕ್ಕದ ಬಾಗಿಲಿಂದ ಬನ್ನಿ. ಯಾರೂ ಇರಲ್ಲ."

ಅವನು ಚಹಾ ಕುಡಿಯದೆಯೇ ಹೋದ. ಆ-ಶ್ಯಾ ಅತ್ತೆ ಹಿಂದಿನಿಂದ ಕಣ್ಣು ಕಿರಿದು ಮಾಡಿ ನೋಡಿದಳು. "ಭುಜ ಚೆನ್ನಾಗಿದೆ. ಆದ್ರೆ ಅವನ ಗುಳಿಗೆ ಬೇಡ ಕಣೇ. ಆ ಗುಳಿಗೆ ತಿಂದು ತಿಂದೇ ನಿನ್ನಮ್ಮನ ಕಿಡ್ನಿ ಹೋಗಿದ್ದು!"

"ಅತ್ತೆ, ಅಮ್ಮ ಎಲ್ಲಿ ತಿಂದ್ಲು? ಕಿಡ್ನಿ ಹೋಗುತ್ತೆ ಅಂತ ನೀವೆಲ್ಲ ಹೆದರಿಸಿ, ಅರ್ಧ ಗುಳಿಗೆ ಕಸದ ಬುಟ್ಟಿಗೆ ಹಾಕ್ತಿದ್ಲು. ನಾನೇ ನೋಡಿದ್ದೀನಿ" ಅಂದಳು ಮೆಂಗ್-ರು. ಅತ್ತೆ ಗಲ್ಲಾದ ಚಿಲ್ಲರೆ ಎಣಿಸತೊಡಗಿದಳು.

ಆ ಸೋಮವಾರ ಒಂಬತ್ತಕ್ಕೆ ಮೆಂಗ್-ರು ಪಕ್ಕದ ಬಾಗಿಲು ತಟ್ಟಿದಳು.

"ಬನ್ನಿ, ಬನ್ನಿ. ತಿಂದಾಯ್ತಾ?" ಅಂದ ಚಿ-ಯುವಾನ್.

"ಆಯ್ತು. ನಿಮ್ಮದು?"

"ಆಯ್ತು."

ಸೂಜಿ ಚುಚ್ಚಿದ್ದು ತಿಳಿಯಲೇ ಇಲ್ಲ. ಅವನು ಪುಟ್ಟ ಪುಸ್ತಕದಲ್ಲಿ ಅಂಕಿ ಬರೆದು ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ. "ನೂರ ಎಪ್ಪತ್ತೆರಡು. ಪರವಾಗಿಲ್ಲ, ಶುರುವಿಗೆ ಚೆನ್ನಾಗೇ ಇದೆ."

ಚೆನ್ನಾಗೇ ಇದೆ! ಆ ಒಂದು ಮಾತು ಹಿಡಿದುಕೊಂಡು ಅವಳು ಆ ವಾರವನ್ನೆಲ್ಲ ದೂಡಿದಳು.

ಅಂದಿನಿಂದ ಮೆಂಗ್-ರು ಹಟಕ್ಕೆ ಬಿದ್ದಳು. ಪಾಕದ ತೊಟ್ಟನ್ನು ನಾಲಿಗೆಗೆ ಇಟ್ಟು ಹದ ಹೇಳಿ, ತಕ್ಷಣ ಉಗಿದು ಬಾಯಿ ಮುಕ್ಕಳಿಸತೊಡಗಿದಳು. ತಟ್ಟೆಯಲ್ಲಿ ಮೊದಲು ಬೇಯಿಸಿದ ಗೆಣಸಿನ ಸೊಪ್ಪು, ಆಮೇಲೆ ಮೀನು, ಕೊನೆಗೆ ಒಂದು ಸಣ್ಣ ಬಟ್ಟಲು ಅನ್ನ. ರಾತ್ರಿ ಪೇಟೆಯ ಹುರಿದ ಶಾವಿಗೆಯ ವಾಸನೆ ಬಂದರೆ ಸ್ಕೂಟರ್ ಬೇರೆ ಬೀದಿಗೆ ತಿರುಗುತ್ತಿತ್ತು. ಬೆಳಿಗ್ಗೆ ಊಟ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು, ಗುಳಿಗೆ ಒಂದು ದಿನವೂ ತಪ್ಪಲಿಲ್ಲ. ಮೊದಲ ವಾರ ಹೊಟ್ಟೆ ಕೆಟ್ಟು ಗೋಳಾಡಿದಳು, ಆದರೂ ಬಿಡಲಿಲ್ಲ. "ಯಾವ ಗುರುವಿನ ದೀಕ್ಷೆ ತಗೊಂಡಿದ್ದೀಯೇ?" ಅಂತ ಅತ್ತೆ ಕೆಣಕಿದಳು. ಮೆಂಗ್-ರು ಸಂಜೆಯ ನಡಿಗೆಗೆ ಬೂಟಿನ ಲಾಡಿ ಬಿಗಿದಳು.

ಮತ್ತೆ ಸೋಮವಾರ... ಮತ್ತೆ ಪಕ್ಕದ ಬಾಗಿಲು.

"ತಿಂದಾಯ್ತಾ?"

"ಆಯ್ತು. ನಿಮ್ಮದು?"

ಎಂಥ ಸಾಮಾನ್ಯ ಮಾತು! ಬೀದಿಯಲ್ಲಿ ಎದುರಾದವರೆಲ್ಲ ಕೇಳುವ ಮಾತು. ಆದರೆ ಅಮ್ಮ ಹೋದ ಮೇಲೆ ಅದನ್ನು ಅವಳ ಮುಖ ನೋಡಿ, ನಿಂತು, ಉತ್ತರಕ್ಕೆ ಕಾದು ಕೇಳಿದವರು ಯಾರೂ ಇರಲಿಲ್ಲ. ಅವನು ಕೇಳುವಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದ. ಕತ್ತು ಸ್ವಲ್ಪ ವಾಲಿಸುತ್ತಿದ್ದ.

ನಾಲ್ಕನೇ ವಾರಕ್ಕೆ ಅವಳು ಭಾನುವಾರವೇ ನಾಳೆ ಯಾವ ಅಂಗಿ ಅಂತ ಯೋಚಿಸಿದಳು. ಆರನೇ ವಾರಕ್ಕೆ ಅವನು ಅವಳ ಬೆರಳು ಹಿಡಿದುಕೊಂಡು ರಕ್ತ ಒರೆಸಿದ ಮೇಲೂ ಒಂದು ಕ್ಷಣ ಬಿಡುವುದನ್ನು ಮರೆತ. ಇಬ್ಬರೂ ನೋಡದವರ ಹಾಗೆ ಇದ್ದರು.

'ಹುಚ್ಚಿ! ಅವನು ಎಲ್ಲರ ಬೆರಳೂ ಹಿಡೀತಾನೆ...' ಅಂತ ತನ್ನನ್ನೇ ಬೈದುಕೊಂಡು ಅವಳು ಮನೆಗೆ ಬಂದಳು. ಬೈಗುಳದಿಂದ ಏನೂ ಕಡಿಮೆಯಾಗಲಿಲ್ಲ.

ಆ ತಿಂಗಳು ಡಾಕ್ಟರ್ ಲಿಯಾವ್ ಪುಸ್ತಕ ತಿರುವಿ ನೋಡಿ, "ಊಟ ಆದ ಮೇಲೂ ಇಷ್ಟೇನಾ? ಭೇಷ್! ಗುಳಿಗೆ ಇಷ್ಟೇ ಇರಲಿ" ಅಂದಿದ್ದರು. ಮೆಂಗ್-ರುವಿನ ಕಿವಿಗೆ ಬಿದ್ದದ್ದು 'ಭೇಷ್' ಮಾತ್ರ.

ಮೂರು ತಿಂಗಳು ತುಂಬಿದ ದಿನ ರಕ್ತಪರೀಕ್ಷೆಯ ಫಲಿತಾಂಶ ಬಂತು.

ಮೂರು ತಿಂಗಳ ಸಕ್ಕರೆ ಎಂಟು ಪಾಯಿಂಟ್ ಆರು. ಏಳರ ಕೆಳಗೆ ಬರಬೇಕಿತ್ತು.

ಡಾಕ್ಟರ್ ಲಿಯಾವ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಳ್ಳೆಯ ಹೆಂಗಸು, ಆದರೆ ಸುತ್ತಿಬಳಸುವವರಲ್ಲ. "ಮೆಂಗ್-ರು, ಪುಸ್ತಕ ಒಂದು ಹೇಳುತ್ತೆ, ರಕ್ತ ಇನ್ನೊಂದು ಹೇಳುತ್ತೆ. ಊಟ ಆದ್ಮೇಲೆ ನೂರ ಅರವತ್ತು, ಎಪ್ಪತ್ತು ಇರೋರಿಗೆ ಎಂಟೂವರೆ ಬರೋಕೆ ಸಾಧ್ಯ ಇಲ್ಲ. ಬೇರೆ ಹೊತ್ತಲ್ಲಿ ಏನು ತಿಂತಿದ್ದೀಯ? ಪಾಕ ನೆಕ್ತಿದ್ದೀಯಾ? ನಿಜ ಹೇಳು. ಮೂತ್ರದಲ್ಲೂ ಸ್ವಲ್ಪ ಪ್ರೋಟೀನ್ ಬರೋಕೆ ಶುರುವಾಗಿದೆ. ಇದು ಕಿಡ್ನಿ ಕೊಡೋ ಮೊದಲ ಎಚ್ಚರಿಕೆ."

ಕಿಡ್ನಿ... ಹಸಿರು ಕುರ್ಚಿ ಕಣ್ಣ ಮುಂದೆ ಬಂದು ನಿಂತಿತು.

ಮೆಂಗ್-ರು ನೇರವಾಗಿ ಔಷಧಿ ಅಂಗಡಿಗೆ ಬಂದಳು. ಈ ಸಲ ಮುಂಬಾಗಿಲಿನಿಂದಲೇ. ಸಾಲಿನಲ್ಲಿ ಜನ ಇದ್ದಾರೆ ಅನ್ನುವ ಪರಿವೆಯೂ ಇರಲಿಲ್ಲ. ಪುಸ್ತಕವನ್ನು ಕೌಂಟರಿನ ಮೇಲೆ ಬಡಿದಳು.

"ಚೆನ್ನಾಗಿದೆ ಚೆನ್ನಾಗಿದೆ ಅಂತ ಗುರುತು ಹಾಕಿದ್ರಲ್ಲ! ಎಂಟು ಪಾಯಿಂಟ್ ಆರು ಬಂದಿದೆ. ನಿಮ್ಮ ಯಂತ್ರ ಕೆಟ್ಟಿದೆಯಾ?"

ಚಿ-ಯುವಾನ್ ಅವಸರದಲ್ಲಿ ಪುಸ್ತಕ ತಿರುವಿದ. "ಯಂತ್ರ ಸರಿ ಇದೆ. ಪ್ರತಿ ತಿಂಗಳೂ ತಪಾಸಣೆ ಆಗುತ್ತೆ... ಮೆಂಗ್-ರು ಅವರೇ, ಕೋಪ ಮಾಡ್ಕೊಬೇಡಿ. ಪಾಕ ರುಚಿ ನೋಡೋವಾಗ ಏನಾದ್ರೂ..."

"ನೀವೂ ಅದನ್ನೇ ಕೇಳ್ತೀರಾ?" ಅವಳ ದನಿ ಒಡೆಯಿತು. "ಮೂರು ತಿಂಗಳಿಂದ ಒಂದು ತೊಟ್ಟು ನುಂಗಿಲ್ಲ ನಾನು! ಗಿರಾಕಿಗಳ ಮುಂದೆ ಉಗೀತಾ ನಿಂತಿದ್ದೀನಿ. ಸೋಮವಾರ ಬೆಳಿಗ್ಗೆ ಇಲ್ಲಿಗೆ ಬಂದು ಬೆರಳು ಚುಚ್ಚಿಸಿಕೊಂಡು ಆಮೇಲೆ ಮನೆಗೆ ಹೋಗಿ ಗಂಜಿ ಕುಡೀತೀನಿ..."

"ಆಮೇಲೆ?" ಅವನು ತಲೆ ಎತ್ತಿದ. "ಇಲ್ಲಿಗೆ ಬರೋವಾಗ ತಿಂದು ಬರ್ತಿರಲಿಲ್ವಾ?"

"ಇಲ್ಲ. ಬೆಳಿಗ್ಗೆ ಐದಕ್ಕೆ ಕೊಪ್ಪರಿಗೆ ಹೊತ್ತಿಸಿದರೆ ಒಂಬತ್ತರ ತನಕ ನೀರು ಕುಡಿಯೋಕೂ ಪುರುಸೊತ್ತಿಲ್ಲ."

"ಪ್ರತಿ ಸಲ ಕೇಳಿದ್ನಲ್ಲ! ತಿಂದಾಯ್ತಾ ಅಂತ ಕೇಳ್ದೆ. ಆಯ್ತು ಅಂದ್ರಿ. ಹನ್ನೆರಡು ಸಲ!"

"ಮತ್ತಿನ್ನೇನು ಅನ್ನಬೇಕಿತ್ತು? ತಿಂದಾಯ್ತಾ ಅಂತ ಯಾರಾದ್ರೂ ಕೇಳಿದ್ರೆ ಇಲ್ಲ, ಹಸಿದುಕೊಂಡು ಬಂದಿದ್ದೀನಿ, ಬಡಿಸಿ ಅಂತಾರಾ? ಆಯ್ತು, ನಿಮ್ಮದು ಅಂತಾರೆ! ನಮ್ಮೂರಲ್ಲಿ ಹುಟ್ಟಿದ ಮಗುವಿಗೂ ಗೊತ್ತು!"

ಸಾಲಿನಲ್ಲಿದ್ದ ಮುದುಕನೊಬ್ಬ 'ಅದು ನಿಜ' ಅನ್ನುವಂತೆ ತಲೆಯಾಡಿಸಿದ.

ಚಿ-ಯುವಾನ್ ಪುಸ್ತಕ ನೋಡಿದ. ಹನ್ನೆರಡು ಅಂಕಿಗಳನ್ನೂ ಅವನು 'ಊಟದ ನಂತರ' ಅನ್ನುವ ಸಾಲಿನಲ್ಲಿ ಬರೆದಿದ್ದ. ಊಟದ ನಂತರ ನೂರ ಎಪ್ಪತ್ತು ಅಂದರೆ ಸಮಾಧಾನ. ಖಾಲಿ ಹೊಟ್ಟೆಯಲ್ಲಿ ನೂರ ಎಪ್ಪತ್ತು ಅಂದರೆ ಗುಳಿಗೆ ಸಾಲದು ಅಂತ ಅರ್ಥ. ಹೆಚ್ಚಿಸಬೇಕಿದ್ದ ಮದ್ದನ್ನು ಡಾಕ್ಟರು ಹೆಚ್ಚಿಸದೆ ಬಿಟ್ಟದ್ದು ಈ ಸಾಲು ನೋಡಿಯೇ.

"ಅಂದ್ರೆ... ಅದು ಪರೀಕ್ಷೆಗೆ ಕೇಳಿದ್ದಾ?" ಅವಳು ಈಗ ಮೆಲ್ಲಗೆ ಕೇಳಿದಳು. ಉಪಕರಣದ ಪ್ರಶ್ನೆಯಂತೆ, ಸೂಜಿಯ ಪ್ರಶ್ನೆಯಂತೆ ಆ ಮಾತು ಅವಳಿಗೆ ಈಗ ಕೇಳಿಸಿತು. "ನೀವು ನನ್ನನ್ನ ಕೇಳ್ತಿದ್ದೀರಿ ಅಂದ್ಕೊಂಡಿದ್ದೆ. ನೀವು ನನ್ನ ರಕ್ತಾನ ಕೇಳ್ತಿದ್ರಿ!"

ಅವನು ಬಾಯಿ ತೆರೆದ. ಜನ್ಮವಿಡೀ ಕೂಗಿ ಮಾತಾಡಿದವನಿಗೆ ಬೇಕಾದ ಹೊತ್ತಿಗೆ ಒಂದು ಪಿಸುಮಾತೂ ಹೊರಡಲಿಲ್ಲ. ಅವಳು ಅವನ ಮೌನವನ್ನು ಉತ್ತರ ಅಂದುಕೊಂಡು ಹೊರಟುಹೋದಳು. ಪುಸ್ತಕ ಕೌಂಟರಿನ ಮೇಲೆಯೇ ಉಳಿಯಿತು.

ಸಂಜೆಗೆ ಡಾಕ್ಟರ್ ಲಿಯಾವ್ ಅವರೇ ಫೋನ್ ಮಾಡಿದರು.

"ನಿನ್ನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು ಕಣಮ್ಮ. ಆ ಹುಡುಗ ಯೆನ್ ಬಂದಿದ್ದ. ಹನ್ನೆರಡು ಅಂಕಿನೂ ಹೊಡೆದು, ಉಪವಾಸದ ಸಾಲಿಗೆ ಹಾಕಿ, ಒಂದೊಂದರ ಪಕ್ಕದಲ್ಲೂ 'ನನ್ನ ತಪ್ಪು' ಅಂತ ಸಹಿ ಮಾಡಿಕೊಟ್ಟಿದ್ದಾನೆ. ಒಂದು ಕಡೆ ಬರೆದರೆ ಸಾಕು ಅಂದ್ರೂ ಕೇಳಲಿಲ್ಲ. ಇರಲಿ. ನಾಳೆ ಬಾ. ಗುಳಿಗೆ ಹೆಚ್ಚಿಸಿ ಇನ್ನೊಂದು ಬಗೆಯದನ್ನೂ ಸೇರಿಸ್ತೀನಿ. ಎರಡು ತಿಂಗಳಿಗೇ ಮತ್ತೆ ನೋಡೋಣ."

"ಡಾಕ್ಟರ್... ಕಿಡ್ನಿ?"

"ಇದು ಬಾಗಿಲು ತಟ್ಟಿದ ಸದ್ದು ಅಷ್ಟೆ, ಒಳಗೆ ಬಂದಿಲ್ಲ. ಈಗ ಹಿಡಿದರೆ ಹಿಡೀಬಹುದು. ನಿನ್ನಮ್ಮ ನನ್ನ ಹತ್ರ ಬರೋ ಹೊತ್ತಿಗೆ ಒಳಗೆ ಬಂದು ಕೂತಾಗಿತ್ತು. ನೀನು ಅವಳಲ್ಲ."

ನೀನು ಅವಳಲ್ಲ. ಫೋನ್ ಇಟ್ಟ ಮೇಲೆ ಮೆಂಗ್-ರು ಕೊಪ್ಪರಿಗೆಯ ಪಕ್ಕ ಕೂತು ಮನಸಾರೆ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಬೂಟು ಹಾಕಿಕೊಂಡು ನಡೆಯಲು ಹೊರಟಳು. ಅರ್ಧ ಗಂಟೆಯ ನಡಿಗೆ ಅಂದಿನಿಂದ ಐವತ್ತು ನಿಮಿಷವಾಯಿತು.

ಹೊಸ ಚೀಟಿಗೆ ಮೂರು ಸಲ ಗುಳಿಗೆ ಕೊಡುತ್ತಾರೆ, ಇಪ್ಪತ್ತೆಂಟು ದಿನಕ್ಕೊಮ್ಮೆ. ಸೋಮವಾರದ ಪಕ್ಕದ ಬಾಗಿಲನ್ನು ಮೆಂಗ್-ರು ಬಿಟ್ಟಳು, ಸಕ್ಕರೆ ನೋಡಿಸುವುದೂ ಇನ್ನು ಗುಳಿಗೆ ತರುವ ದಿನವೇ. ಮೊದಲನೆಯ ಸಲ ಅವಳು ಚಿ-ಯುವಾನನ ಅಂಗಡಿಗೇ ಹೋದಳು. ಮುಖ ಗಂಟು ಹಾಕಿಕೊಂಡು ನಿಂತಳು.

"ಕೊನೆಯ ಸಲ ಆಹಾರ ಸೇವಿಸಿ ಎಷ್ಟು ಹೊತ್ತಾಯಿತು?" ಅವನು ಸರಕಾರಿ ಅರ್ಜಿ ಓದುವವನ ಹಾಗೆ ಕೇಳಿದ.

"ಎರಡು ಗಂಟೆ ಹತ್ತು ನಿಮಿಷ. ಮೀನು, ಸೊಪ್ಪು, ಅರ್ಧ ಬಟ್ಟಲು ಅನ್ನ. ಅನ್ನ ಎಷ್ಟು ಅಗುಳು ಅಂತ ಎಣಿಸಲಿಲ್ಲ."

ಅವನು ಬರೆದುಕೊಂಡ. ತುಟಿ ನಡುಗಿದ್ದು ನಗುವಿಗೋ ನೋವಿಗೋ ಅವಳಿಗೆ ತಿಳಿಯಲಿಲ್ಲ. ನೋಡಬಾರದು ಅಂದುಕೊಂಡೂ ನೋಡಿದ್ದಳು.

ಎರಡನೆಯ ಸಲ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗುಳಿಗೆ ಎಣಿಸುತ್ತಿದ್ದ ಅವನ ಕೈ ನಿಂತಿತು.

"ಒಂದು ಮಾತು ಹೇಳ್ತೀನಿ. ಕೇಳಿ, ಆಮೇಲೆ ಬೈಯಿರಿ."

"ಹೇಳಿ."

"ಔಷಧಿ ಶಾಸ್ತ್ರ ಓದಿದವನು ನಾನು. ತಿಂದಾಯ್ತಾ ಅಂತ ಕೇಳಿದ ಮೇಲೆ, ಏನು ತಿಂದ್ರಿ, ಎಷ್ಟು ಗಂಟೆಗೆ ತಿಂದ್ರಿ ಅಂತ ಕೇಳಲೇಬೇಕು. ಬೇರೆಯವರನ್ನೆಲ್ಲ ಕೇಳ್ತೀನಿ. ಆವತ್ತಿಂದ ಹಳೇ ಪುಸ್ತಕ ಎಲ್ಲ ತೆಗೆದು ನೋಡಿದೆ. ಒಬ್ಬರದ್ದೂ ತಪ್ಪಿಲ್ಲ. ನಿಮ್ಮದೊಂದೇ ತಪ್ಪಿದ್ದು." ಅವನ ದನಿ ಮೊದಲ ದಿನದ ಹಾಗೆ ಏರತೊಡಗಿತು, ಅವನಿಗೆ ಅದರ ಅರಿವಿರಲಿಲ್ಲ. "ಯಾಕೆ ಗೊತ್ತಾ? ಮೊದಲ ವಾರ ನಿಮ್ಮ ರಕ್ತಾನೇ ಕೇಳಿದ್ದೆ, ಒಪ್ಕೋತೀನಿ. ಆಮೇಲೆ ಆ ಪ್ರಶ್ನೆ ಬೇರೆ ಆಗ್ಬಿಡ್ತು! ನೀವು ಆಯ್ತು, ನಿಮ್ಮದು ಅಂದ ತಕ್ಷಣ ನನಗೆ ಮುಂದಿನ ಪ್ರಶ್ನೆನೇ ಮರೆತುಹೋಗ್ತಿತ್ತು. ನಿಮ್ಮನ್ನೇ ಕೇಳ್ತಿದ್ದೆ, ಮೆಂಗ್-ರು. ಅದಕ್ಕೇ ತಪ್ಪಾಯ್ತು!"

ಮೆಂಗ್-ರುವಿಗೆ ಹೌದು ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು... ಆಮೇಲೆ ಹಸಿರು ಕುರ್ಚಿ. ಅದರ ಪಕ್ಕದ ಸ್ಟೂಲು. ಸ್ಟೂಲಿನ ಮೇಲೆ ಈಗ ಇವನು, ಕೂದಲು ನರೆತು, ಕತ್ತು ವಾಲಿಸಿ.

"ಬೇಡ" ಅಂದಳು. "ಹನ್ನೊಂದು ವರ್ಷ ನಾನು ಅಮ್ಮನ ಪಕ್ಕ ಕೂತಿದ್ದೆ. ಅದು ಏನು ಅಂತ ನನಗೆ ಗೊತ್ತು. ಅದನ್ನ ನಿಮ್ಮ ತಲೆ ಮೇಲೆ ಹಾಕೋಕೆ ನನ್ನಿಂದ ಆಗಲ್ಲ. ಮುಂದಿನ ಫಲಿತಾಂಶ ಬರೋವರೆಗೂ ನನ್ನನ್ನ ಏನೂ ಕೇಳಬೇಡಿ. ಏನೂ!"

ಅವನು ತಲೆಯಾಡಿಸಿದ. ಪೊಟ್ಟಣ ಕಟ್ಟಿ ಎರಡೂ ಕೈಯಲ್ಲಿ ಕೊಟ್ಟ.

ಆ ತಿಂಗಳು ಅವಳು ನಡೆದ ನಡಿಗೆ! ಕಾಲುವೆಯ ದಂಡೆಯಲ್ಲಿ ಗಾಳ ಹಾಕಿ ಕೂರುವ ಮುದುಕರು ಅವಳನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳತೊಡಗಿದರು. ಅತ್ತೆ ಬೈದುಕೊಂಡೇ ಕೆಂಪಕ್ಕಿ ಅನ್ನ ಮಾಡತೊಡಗಿದಳು. ಒಂದು ದಿನ ಅಂಗಡಿಯ ಹಲಗೆಯ ಮೇಲೆ 'ಅರ್ಧ ಸಿಹಿಯ ಚಹಾ' ಅಂತ ಮೆಂಗ್-ರು ಬರೆದು ಹಾಕಿದಾಗ, "ನಿಮ್ಮಜ್ಜ ಸಮಾಧಿಯಿಂದ ಎದ್ದು ಬರ್ತಾನೆ ನೋಡ್ತಿರು!" ಅಂತ ಕೂಗಾಡಿದಳು. ಅಜ್ಜ ಬರಲಿಲ್ಲ. ಗಿರಾಕಿಗಳು ಬಂದರು. ಹಣ್ಣಿನಂಗಡಿಯ ಹೆಂಗಸೇ ಎಲ್ಲರಿಗಿಂತ ಮೊದಲು ಬಂದು, "ನಂಗೂ ಇದೆ ಕಣೇ, ಯಾರಿಗೂ ಹೇಳಬೇಡ" ಅಂತ ಪಿಸುಗುಟ್ಟಿ ಎರಡು ಲೋಟ ಕುಡಿದಳು.

ಮೂರನೆಯ ಸಲದ ದಿನ ಬಂತು. ಮೆಂಗ್-ರು ಔಷಧಿ ಅಂಗಡಿಗೆ ಬರಲಿಲ್ಲ.

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಏನೂ ಕೇಳಬಾರದು ಅಂದಿದ್ದಳು, ಹಾಗಾಗಿ ಚಿ-ಯುವಾನ್ ಫೋನಿನ ಮುಂದೆ ಕೂತು ಕೂತು ಎದ್ದ. ಅವಳ ಗುಳಿಗೆ ಮುಗಿದು ಮೂರು ದಿನ. ಬಿಟ್ಟೇಬಿಟ್ಟಳೇ? ನನ್ನ ಮೇಲಿನ ಸಿಟ್ಟಿಗೆ ಗುಳಿಗೆಯನ್ನೇ ಬಿಟ್ಟಳೇ? ನಾಲ್ಕನೆಯ ದಿನ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ಅಂಗಡಿಯನ್ನು ಕಿವಿ ಕೇಳದ ಅಪ್ಪನ ಕೈಗೆ ಬಿಟ್ಟು, ಬಿಳಿ ಕೋಟಿನಲ್ಲೇ ಬೀದಿಯಲ್ಲಿ ಓಡಿದ.

"ಗುಳಿಗೆ ನಿಲ್ಲಿಸಿದ್ದೀರಾ?" ಕೊಪ್ಪರಿಗೆಯ ಮುಂದೆ ನಿಂತಿದ್ದ ಮೆಂಗ್-ರುವಿಗೆ ಅವನು ಬಾಗಿಲಿನಿಂದಲೇ ಕೂಗಿದ. "ನನ್ನ ಮೇಲೆ ಸಿಟ್ಟಿದ್ರೆ ನನ್ನನ್ನ ಹೊಡೀರಿ! ಗುಳಿಗೆ ಏನ್ ಮಾಡಿತ್ತು?"

ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. ಆ-ಶ್ಯಾ ಅತ್ತೆಯಂತೂ ಚೆನ್ನಾಗಿ ಕಾಣಲಿ ಅಂತ ಕುರ್ಚಿ ತಿರುಗಿಸಿಕೊಂಡಳು.

ಮೆಂಗ್-ರು ಒಲೆಯ ಉರಿ ಸಣ್ಣ ಮಾಡಿದಳು. ಜೇಬಿನಿಂದ ಚೀಟಿ ತೆಗೆದು ಅವನ ಕೈಗಿಟ್ಟಳು. ಮೂರನೆಯ ಖಾನೆಯಲ್ಲಿ ಮುದ್ರೆ ಬಿದ್ದಿತ್ತು. ರೈಲು ನಿಲ್ದಾಣದ ಹತ್ತಿರದ ಬೇರೊಂದು ಅಂಗಡಿಯ ಮುದ್ರೆ. ತಾರೀಖು ವಾರದ ಹಿಂದಿನದು.

"ಒಂದು ಗುಳಿಗೆನೂ ತಪ್ಪಿಸಿಲ್ಲ."

ಅವನ ಭುಜ ಇಳಿಯಿತು. ಸಮಾಧಾನಕ್ಕೆ, ಆಮೇಲೆ ಇನ್ನೊಂದಕ್ಕೆ. "ಓಹ್... ನನ್ನ ಮುಖ ನೋಡೋಕೂ ಬೇಡ ಅನ್ನಿಸ್ತಾ?"

"ದಡ್ಡ!" ಅಂದಳು ಮೆಂಗ್-ರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ನಿಮ್ಮ ಕೌಂಟರಿನ ಈಚೆ ಬೆರಳು ಚಾಚಿ ನಿಂತಿರೋವರೆಗೂ ನಾನು ನಿಮ್ಮ ರೋಗಿ. ನನ್ನ ಸಕ್ಕರೆ ನಾನು ನೋಡ್ಕೋತೀನಿ, ಡಾಕ್ಟರಿದ್ದಾರೆ, ನಿಲ್ದಾಣದ ಹತ್ರ ಒಬ್ಬ ಅಜ್ಜಿಯ ಔಷಧಿ ಅಂಗಡಿ ಇದೆ. ನಿಮ್ಮ ಹತ್ರ ನಾನು ರೋಗಿಯಾಗಿ ಬರಲ್ಲ ಅಂತ ತೀರ್ಮಾನ ಮಾಡಿ ಚೀಟಿ ಬೇರೆ ಕಡೆ ಕೊಟ್ಟೆ."

ಚಿ-ಯುವಾನನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅತ್ತೆ "ಅಯ್ಯೋ, ಇವನಿಗೆ ಕಿವಿ ಅಪ್ಪನದ್ದೇ!" ಅಂತ ಗೊಣಗಿದಳು.

"ಇವತ್ತು ಬೆಳಿಗ್ಗೆ ಫಲಿತಾಂಶ ಬಂತು" ಅಂದಳು ಮೆಂಗ್-ರು. "ಏಳಕ್ಕಿಂತ ಕಡಿಮೆ ಬಂದ್ರೆ ನಿಮ್ಮ ಹತ್ರ ಬಂದು ಮಾತಾಡೋಣ ಅಂತಿದ್ದೆ. ಏಳು ಪಾಯಿಂಟ್ ಮೂರು."

"ಎಂಟು ಆರರಿಂದ ಏಳು ಮೂರಾ! ಎರಡೇ ತಿಂಗಳಲ್ಲಿ..."

"ಏಳರ ಕೆಳಗೆ ಬರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಇದು ವಾಸಿಯಾಗಿ ಹೋಗೋ ಕಾಯಿಲೆ ಅಲ್ಲ. ಒಂದು ಸಲ ಆರೂವರೆ ಬರುತ್ತೆ, ಇನ್ನೊಂದು ಸಲ ಏಳೂವರೆ ಬರುತ್ತೆ. ಅಂಕಿ ಸರಿಯಾಗ್ಲಿ ಅಂತ ಕಾಯ್ತಾ ಕೂತ್ರೆ ಸಾಯೋವರೆಗೂ ಕಾಯಬೇಕು. ನಾನು ಕಾಯಲ್ಲ. ಆದ್ರೆ..." ಇಲ್ಲಿಗೆ ಬಂದಾಗ ಅವಳ ಗಟ್ಟಿತನವೆಲ್ಲ ಸಡಿಲ ಬಿತ್ತು. "ಎಷ್ಟು ಮಾಡಿದ್ರೂ... ಮುಂದೊಂದು ದಿನ ಆ ಕುರ್ಚಿ ಬಂದ್ರೆ?"

ಚಿ-ಯುವಾನ್ ಕೊಪ್ಪರಿಗೆಯನ್ನು ಸುತ್ತಿ ಅವಳ ಹತ್ತಿರ ಬಂದ. ಜೀವನದಲ್ಲಿ ಮೊದಲ ಸಲ ಅವನು ಅಷ್ಟು ಮೆಲ್ಲಗೆ ಮಾತಾಡಿದ್ದು. ಕಿವಿ ನಿಮಿರಿಸಿದ್ದ ಅತ್ತೆಗೂ ಕೇಳಿಸಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳಿ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ, ಅಮ್ಮನ ಪಕ್ಕದಿಂದ ಎದ್ದು ಹೋಗ್ಬೇಕು ಅಂತ ಅನ್ನಿಸಿತ್ತಾ?"

ಮೆಂಗ್-ರು ಯೋಚಿಸಿದಳು. ಆ ಕಿಟಕಿ ನೆನಪಾಯಿತು. ಅಮ್ಮ ಅರ್ಧ ನಿದ್ದೆಯಲ್ಲಿ ಅವಳ ಕೈ ತಡಕುತ್ತಿದ್ದದ್ದು, ಇಬ್ಬರೂ ನರ್ಸುಗಳ ಮೇಲೆ ಚಾಡಿ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕದ್ದು. ಆಯಾಸ ಇತ್ತು. ಹೆದರಿಕೆ ಇತ್ತು. ಎದ್ದು ಹೋಗಬೇಕು ಅಂತ ಮಾತ್ರ...

"ಇಲ್ಲ" ಅಂದಳು. "ಒಂದು ದಿನವೂ ಇಲ್ಲ."

"ಮತ್ತೆ ನನಗೆ ಯಾಕೆ ಬೇಡ ಅಂತೀರಿ?"

ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಅವಳು ಅಳುತ್ತಲೇ ನಕ್ಕಳು, ಸೌಟು ಹಿಡಿದ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡಳು.

"ಸಂಜೆ ಐದೂವರೆಗೆ ಕಾಲುವೆ ದಂಡೆಗೆ ನಡೆಯೋಕೆ ಹೋಗ್ತೀನಿ. ಐವತ್ತು ನಿಮಿಷ. ಬೇಗ ಬೇಗ ನಡೀತೀನಿ, ಯಾರಿಗೂ ನಿಲ್ಲಲ್ಲ."

"ನಾನು ಇಡೀ ದಿನ ಕೌಂಟರಿನ ಹಿಂದೆ ನಿಲ್ಲೋವನು. ಉಸಿರು ಹತ್ತುತ್ತೆ ನನಗೆ."

"ಹತ್ತಲಿ."

"ಹಿಂದೆ ಬಿದ್ರೆ?"

"ಓಡ್ಕೊಂಡು ಬಾ."

"ಬನ್ನಿ ಅಂತಿದ್ರಲ್ಲ ಇಷ್ಟು ದಿನ..."

"ಬಾ ಅಂದೆ ಕಣೋ!" ಅಂದಳು ಮೆಂಗ್-ರು. "ಬರ್ತೀಯಾ?"

"ಬರ್ತೀನಿ" ಅಂದ ಚಿ-ಯುವಾನ್, ಇಡೀ ಬೀದಿಗೆ ಕೇಳುವ ಹಾಗೆ.